ಅಜ್ಜನ ದುಬೈ ಸಂಬಳ ರೂಪಾಯಿಯಲ್ಲಿತ್ತಾ? ಹಳೇ ದಿರ್ಹಮ್ ರೇಟ್ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಕುಂದಾಪುರದಿಂದ): ನಮಸ್ಕಾರ ಸರ್. ನೀವು ಬ್ಯಾಂಕಿನಲ್ಲಿ ಫಾರಿನ್ ಎಕ್ಸ್‌ಚೇಂಜ್ ನೋಡಿಕೊಂಡವರು ಅಂತ ಕೇಳುತ್ತಿದ್ದೇನೆ. ನಮ್ಮಜ್ಜ 1963ರಲ್ಲಿ ದುಬೈಗೆ ಹೋಗಿ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ತಿಂಗಳಿಗೆ 150 ರೂಪಾಯಿ ಸಂಬಳ ಇತ್ತು ಅಂತ ಅಜ್ಜಿ ಹೇಳುತ್ತಾರೆ. ಅಲ್ಲಿ ದಿರ್ಹಮ್ ಅಲ್ವಾ? ಆಗಿನ ರೇಟ್ ಎಷ್ಟಿತ್ತು? ಎಲ್ಲಿ ಹುಡುಕಿದರೂ ಸಿಗುತ್ತಿಲ್ಲ. ಅಜ್ಜನ ಪೆಟ್ಟಿಗೆಯಲ್ಲಿ ಕೆಂಪು ಬಣ್ಣದ ಒಂದು ಹತ್ತು ರೂಪಾಯಿ ನೋಟೂ ಇದೆ. ನಕಲಿ ಇರಬಹುದು ಅಂತ ಅಣ್ಣ ಹೇಳುತ್ತಾನೆ.

ಉತ್ತರ: ಅಜ್ಜಿ ಹೇಳಿದ್ದು ಸರಿ. ನೀವು ಹುಡುಕಿದ ರೇಟ್ ಸಿಗದೇ ಇರುವುದಕ್ಕೂ ಕಾರಣ ಇದೆ. 1963ರಲ್ಲಿ ದಿರ್ಹಮ್ ಹುಟ್ಟೇ ಇರಲಿಲ್ಲ. ಆಗ ದುಬೈ, ಅಬುಧಾಬಿ, ಕತಾರ್, ಬಹ್ರೇನ್ ಎಲ್ಲಾ ಕಡೆ ನಡೆಯುತ್ತಿದ್ದುದು ನಮ್ಮ ರೂಪಾಯಿಯೇ. ಕುವೈತ್ ಮಾತ್ರ 1961ರಲ್ಲಿ ತನ್ನ ದಿನಾರ್ ತಂದಿತ್ತು.

ಇನ್ನು ಆ ಕೆಂಪು ನೋಟು. ದಯವಿಟ್ಟು ಅದನ್ನು ಜೋಪಾನವಾಗಿಡಿ. ಕೊಲ್ಲಿಯಲ್ಲಿ ರೂಪಾಯಿ ಕೊಟ್ಟು ಚಿನ್ನ ಕೊಳ್ಳುವುದು, ಅದನ್ನು ಕಳ್ಳದಾರಿಯಲ್ಲಿ ಭಾರತಕ್ಕೆ ಸಾಗಿಸುವುದು ಆಗ ಜೋರಾಗಿತ್ತು. ಹಾಗೆ ಹೊರಗೆ ಹೋದ ರೂಪಾಯಿಗೆ ನಾವು ಪೌಂಡ್ ತೆರಬೇಕಾಗುತ್ತಿತ್ತು. ಇದನ್ನು ತಡೆಯಲು 1959ರಲ್ಲಿ ಕೊಲ್ಲಿ ದೇಶಗಳಿಗೇ ಅಂತ ಬೇರೆ ನೋಟು ಅಚ್ಚಾಯಿತು. ಬೆಲೆ ನಮ್ಮ ರೂಪಾಯಿಯದ್ದೇ, ಆದರೆ ಭಾರತದೊಳಗೆ ಚಲಾವಣೆ ಇಲ್ಲ. ಹತ್ತರ ನೋಟು ಕೆಂಪು, ನೂರರದ್ದು ಹಸಿರು. ನಂಬರ್ ಮುಂದೆ ಇಂಗ್ಲಿಷಿನ 'ಝಡ್' ಅಕ್ಷರ ಇದೆಯಾ ನೋಡಿ. ಹಿಂದೆ ಹಾಯಿ ಹಡಗಿನ ಚಿತ್ರ ಇರಬೇಕು. ಇವೆಲ್ಲಾ ಇದ್ದರೆ ಅದು ಗಲ್ಫ್ ನೋಟೇ ಇರಬೇಕು.

ಇದಾದ ಮೇಲಿನ ಕತೆ ನಮ್ಮ ಕರಾವಳಿಯ ಪ್ರತಿ ಮನೆಗೂ ಗೊತ್ತಿರಬೇಕು ಅನ್ನುವುದು ನನ್ನ ಆಸೆ. 1966ರ ಜೂನ್ 6ರಂದು ಭಾರತ ರೂಪಾಯಿಯ ಬೆಲೆ ಇಳಿಸಿತು. ಡಾಲರಿಗೆ 4.76 ಇದ್ದದ್ದು ಒಂದೇ ಏಟಿಗೆ 7.50 ಆಯಿತು. ದೆಹಲಿಯ ತೀರ್ಮಾನಕ್ಕೆ ತಮ್ಮ ಜನರ ಗಂಟು ಯಾಕೆ ಕರಗಬೇಕು ಅಂತ ಕೊಲ್ಲಿಯವರು ರೂಪಾಯಿ ಬಿಟ್ಟರು. ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅದೇ ವರ್ಷ ಕತಾರ್ ಮತ್ತು ದುಬೈ ಸೇರಿ ಹೊಸ ರಿಯಾಲ್ ತಂದವು. ಅದರ ಬೆಲೆ ಎಷ್ಟು ಇಟ್ಟರು ಗೊತ್ತಾ? ಇಳಿಸುವ ಮೊದಲು ಒಂದು ರೂಪಾಯಿಗೆ ಎಷ್ಟಿತ್ತೋ ಅಷ್ಟೇ. 1973ರ ಮೇ ತಿಂಗಳಲ್ಲಿ ಯುಎಇ ದಿರ್ಹಮ್ ಬಂದಾಗ ಒಂದು ರಿಯಾಲಿಗೆ ಒಂದು ದಿರ್ಹಮ್ ಕೊಟ್ಟರು. ಅಂದರೆ ದಿರ್ಹಮಿನ ವಂಶ ಹಿಡಿದು ಹಿಂದೆ ಹೋದರೆ ಸಿಗುವುದು 1966ರ ನಮ್ಮ ರೂಪಾಯಿ!

ನಿಮ್ಮಜ್ಜನ ಲೆಕ್ಕವನ್ನೇ ತಗೊಳ್ಳಿ. 1963ರಲ್ಲಿ ಅಲ್ಲಿನ 150 ಊರಲ್ಲೂ 150. ಅದೇ ಸಂಬಳ 150 ರಿಯಾಲ್ ಆದಮೇಲೆ ಊರಿನ ಲೆಕ್ಕದಲ್ಲಿ ಸುಮಾರು 236 ರೂಪಾಯಿ. ಸಂಬಳ ಒಂದು ಕಾಸೂ ಏರದೆ ಮನೆಗೆ ಬರುವ ದುಡ್ಡು ಜಾಸ್ತಿ ಆಯಿತು. ದಿರ್ಹಮ್ ಬಂದ ಹೊತ್ತಿಗೆ ಒಂದಕ್ಕೆ ಹತ್ತಿರ ಹತ್ತಿರ 2 ರೂಪಾಯಿ. 2024ರ ಕೊನೆಗೆ ಅದು 23 ದಾಟಿತ್ತು.

ಪ್ರಶ್ನೆ (ದುಬೈಯಿಂದ, ಊರು ಭಟ್ಕಳ): ಸರ್, ದಿರ್ಹಮ್ ಏರುತ್ತಲೇ ಇದೆ. ದುಡ್ಡು ಕಳಿಸುವುದನ್ನು ಇನ್ನೂ ಸ್ವಲ್ಪ ದಿನ ತಡೆದರೆ ಲಾಭವಾ?

ಉತ್ತರ: ದಿರ್ಹಮ್ ಏರುತ್ತಿಲ್ಲ ತಮ್ಮಾ, ರೂಪಾಯಿ ಇಳಿಯುತ್ತಿದೆ. 1997ರ ನವೆಂಬರ್‌ನಿಂದ ಒಂದು ಡಾಲರಿಗೆ 3.6725 ದಿರ್ಹಮ್ ಅಂತ ಕಟ್ಟಿಹಾಕಿದ್ದಾರೆ. ಹಾಗಾಗಿ ಡಾಲರಿನ ರೂಪಾಯಿ ರೇಟನ್ನು 3.6725ರಿಂದ ಭಾಗಿಸಿ, ದಿರ್ಹಮ್ ರೇಟ್ ಬರುತ್ತದೆ. 2013ರ ಆಗಸ್ಟ್ ಕೊನೆಗೆ ಡಾಲರ್ 68 ದಾಟಿದಾಗ ದಿರ್ಹಮ್ 18 ರೂಪಾಯಿ ಮೇಲಿತ್ತು. ಆಮೇಲೆ ರೂಪಾಯಿ ಚೇತರಿಸಿಕೊಂಡಿತು, ಇನ್ನೂ ಏರಲಿ ಅಂತ ಕಾದವರಿಗೆ ಕಡಿಮೆ ಸಿಕ್ಕಿತು. ಮನೆ ಖರ್ಚಿನ ದುಡ್ಡನ್ನು ಸುಮ್ನೆ ತಡೆಹಿಡಿಯಬೇಡಿ. ಉಳಿತಾಯದ ದುಡ್ಡಾದರೆ ಸ್ವಲ್ಪ ಸ್ವಲ್ಪ ಕಳಿಸಿ. ಫೋನಿನಲ್ಲಿ ಕಾಣುವ ರೇಟ್ ಕೌಂಟರಿನಲ್ಲಿ ಸಿಗುವುದಿಲ್ಲ. ಚಾರ್ಜ್ ಕಳೆದು ಊರಿನ ಖಾತೆಗೆ ಎಷ್ಟು ಬೀಳುತ್ತದೆ ಅಂತಲೇ ಕೇಳಿ.

ಪ್ರಶ್ನೆ (ಉಡುಪಿಯಿಂದ): ಸರ್, ನಮ್ಮಲ್ಲಿ ಆಸ್ತಿ ಪಾಲಿನ ಮಾತು ನಡೆಯುತ್ತಿದೆ. ದೊಡ್ಡಪ್ಪ 1990ರಿಂದ 1994ರವರೆಗೆ ಮನೆ ಕಟ್ಟಲು ತಿಂಗಳಿಗೆ 500 ದಿರ್ಹಮ್ ಕಳಿಸಿದ್ದಾರೆ. ಅದನ್ನು ಈಗಿನ ರೇಟಿನಲ್ಲಿ ಲೆಕ್ಕ ಹಾಕಬೇಕು ಅನ್ನುತ್ತಾರೆ. ಇದು ಸರಿಯಾ?

ಉತ್ತರ: ಈಗಿನ ರೇಟ್ ಹಾಕಿದರೆ ಲೆಕ್ಕವೇ ಕೆಡುತ್ತದೆ. ಮನೆಗೆ ಇಟ್ಟಿಗೆ, ಸಿಮೆಂಟ್ ತಂದದ್ದು ಅವತ್ತು ಕೈಗೆ ಬಂದ ರೂಪಾಯಿಯಲ್ಲಿ. ಆದರೆ ಐದೂ ವರ್ಷಕ್ಕೆ ಒಂದೇ ರೇಟ್ ಹಾಕುವುದೂ ದೊಡ್ಡಪ್ಪನವರಿಗೆ ಅನ್ಯಾಯ. 1991ರ ಜುಲೈ ಮೊದಲ ವಾರದಲ್ಲಿ ಎರಡು ಸಲ ರೂಪಾಯಿ ಇಳಿಸಿದರು. ಡಾಲರ್ ಸುಮಾರು 21ರಿಂದ 26ರ ಹತ್ತಿರ ಬಂತು. ದಿರ್ಹಮಿಗೆ 6 ರೂಪಾಯಿಯೂ ಇರಲಿಲ್ಲ, 7 ಆಯಿತು. 1992ರ ಮಾರ್ಚ್‌ನಿಂದ ಒಂದು ವರ್ಷ ಎರಡು ರೇಟ್ ಇದ್ದವು. ಬಂದ ದುಡ್ಡಿನಲ್ಲಿ ನೂರಕ್ಕೆ 40 ಭಾಗ ಸರ್ಕಾರಿ ರೇಟಿಗೆ, 60 ಭಾಗ ಮಾರುಕಟ್ಟೆ ರೇಟಿಗೆ. 1993ರ ಮಾರ್ಚ್‌ನಲ್ಲಿ ಎರಡೂ ಒಂದಾದವು. ಆಗ ಡಾಲರಿಗೆ 31 ಚಿಲ್ಲರೆ, ದಿರ್ಹಮಿಗೆ ಎಂಟೂವರೆ.

ಆ ಒಂದು ವರ್ಷಕ್ಕೆ ನನ್ನ ಭಾಗಾಕಾರ ನಂಬಬೇಡಿ. ಹಳೇ ಪಾಸ್‌ಬುಕ್ ಹುಡುಕಿ, ಡ್ರಾಫ್ಟ್ ಜಮೆಯಾದ ದಿನದ ರೂಪಾಯಿ ಅದರಲ್ಲೇ ಇರುತ್ತದೆ. ಹಾಗೆ ಬಂದ ಮೊತ್ತಕ್ಕೆ ಇಷ್ಟು ವರ್ಷದ ಬಡ್ಡಿಯೋ ಬೆಲೆ ಏರಿಕೆಯೋ ಸೇರಿಸಬೇಕು ಅಂತ ದೊಡ್ಡಪ್ಪ ಕೇಳಿದರೆ ಅದು ನ್ಯಾಯವಾದ ಮಾತು. ಎಷ್ಟು ಅನ್ನುವುದನ್ನು ಮನೆಯವರೇ ಕೂತು ಒಪ್ಪಿಕೊಳ್ಳಿ, ಆಗದಿದ್ದರೆ ವಕೀಲರನ್ನು ಕೇಳಿ.