ನೀರು ಕಡಿಮಿ, ಎರಿ ಮಣ್ಣು ಜಾಸ್ತಿ: ಗೀರು ಬೀಳದಂಗ ಕಾರು ತೊಳಿಯೂದು ಹೆಂಗ?

ನವಲಗುಂದ ದಾರಿ (ಹುಬ್ಬಳ್ಳಿ)

ಎಲ್ಲಾರಿಗೂ ನಮಸ್ಕಾರ ರೀ. ಅಪಾರ್ಟ್‌ಮೆಂಟಿನ್ಯಾಗ ಇರೂದು, ನಲ್ಲಿ ನೀರು ದಿನಾ ಬರೂದಿಲ್ಲ. ಬೋರಿನ ನೀರು ಸವಳು, ಒಣಗಿದ ಮ್ಯಾಲೆ ಬಾನೆಟ್ ತುಂಬ ಬಿಳಿ ಚುಕ್ಕಿ. ಗಾಡಿ ಕಪ್ಪು ಬಣ್ಣದ್ದು, ಪೇಂಟ್ ಮ್ಯಾಲೆ ಬಿಸಿಲಿಗೆ ಹಿಡಿದ್ರ ಜಾಲದಂಗ ಸಣ್ಣ ಸಣ್ಣ ಗೀರು ಕಾಣ್ತಾವ. ಪೈಪ್ ಹಚ್ಚಿ ತೊಳಿಯೂದು ಬ್ಯಾಡ ಅಂತ ಸೊಸೈಟಿಯವರು ಹೇಳ್ಯಾರ, ಅದು ಸರಿನೂ ಐತಿ. ಒಂದ ಬಕೆಟ್ ನೀರಾಗ ಪೂರ್ತಿ ಗಾಡಿ ಸ್ವಚ್ಛ ಆಗ್ತೈತೇನು? ಶಾಂಪೂ ಬದಲಿ ಅಂಟವಾಳಕಾಯಿ ನಡಿತೈತೇನು? ಆರ್‌ಓ ಮಷೀನಿನಿಂದ ಹೊರಗ ಹೋಗೂ ನೀರು ಬಳಸಬಹುದೇನು?

ಕೆಎ-63 ಡಿಟೇಲಿಂಗ್

ಆಗ್ತೈತಿ ರೀ. 8 ಲೀಟರ್ ಸಾಕು. ಪೈಪಿನಿಂದ ನಿಮಿಷಕ್ಕ 12-15 ಲೀಟರ್ ಹೋಗ್ತೈತಿ, ಕಾಲು ತಾಸು ಬಿಟ್ರ 200 ಲೀಟರ್ ಗಟಾರಕ್ಕ. ಈ ಊರಿಗೆ ಮಲಪ್ರಭಾದ ರೇಣುಕಾಸಾಗರದಿಂದ ಪಂಪ್ ಮಾಡಿ ತರೂ ನೀರದು.

ಮೊದಲು ಗೀರಿನ ವಿಷಯ. ಗೀರು ಬೀಳೂದು ನೀರು ಕಡಿಮಿ ಆಗಿ ಅಲ್ಲ, ಉಸುಕಿನ ಕಣ ಅರಿವಿ ಮತ್ತ ಪೇಂಟ್ ನಡುವ ಸಿಕ್ಕು ಎಳದಾಡಿದ್ದಕ್ಕ. ವಾಚ್‌ಮನ್ನರು ಮುಂಜಾನೆ ಒಣ ಬಟ್ಟಿಲೆ ಧೂಳು ಝಾಡಿಸ್ತಾರಲ್ಲ, ಅದ ದೊಡ್ಡ ಕಾರಣ. ಅದನ್ನ ಇವತ್ತ ನಿಲ್ಲಸ್ರಿ. ಎರಡನೇದು, ಒಂದ ಬಕೆಟ್ಟಿನ್ಯಾಗ ಅದ ಹೊಲಸು ಅರಿವಿ ಮತ್ತ ಮತ್ತ ಅದ್ದೂದು.

ನಿಮಗ ಬೇಕಾಗಿದ್ದು ರಿನ್ಸ್‌ಲೆಸ್ ಶಾಂಪೂ. ಹಚ್ಚಿದ ಮ್ಯಾಲೆ ನೀರು ಹಾಕಿ ತೊಳಿಯೂದು ಬೇಕಾಗಿಲ್ಲ. ಅದರಾಗಿನ ಪಾಲಿಮರ್ ಕಣಕ್ಕ ಸುತ್ತಿಕೊಂಡು ಪೇಂಟ್ ಮ್ಯಾಲೆ ಜಾರೂವಂಗ ಮಾಡ್ತೈತಿ. ಹಲವು ಬ್ರ್ಯಾಂಡಿನ ಅಳತಿ 1:256, ಅಂದ್ರ 8 ಲೀಟರ್ ನೀರಿಗೆ ಸುಮಾರು 30 ಮಿಲಿ. ಬಾಟಲಿ ಮ್ಯಾಲೆ ಬ್ಯಾರೆ ಅಳತಿ ಇದ್ರ ಅದನ್ನ ಹಿಡೀರಿ. ಜಾಸ್ತಿ ಹಾಕಿದ್ರ ಜಾಸ್ತಿ ಸ್ವಚ್ಛ ಆಗೂದಿಲ್ಲ, ಗ್ಲಾಸ್ ಮ್ಯಾಲೆ ಎಣ್ಣಿ ಒರಸಿದಂಗ ಪಟ್ಟಿ ಉಳಿತಾವ.

ಬಕೆಟ್ಟಿನ್ಯಾಗ 6-8 ಮೈಕ್ರೋಫೈಬರ್ ಅರಿವಿ ಒಮ್ಮೆಲೆ ನೆನಿ ಹಾಕ್ರಿ, 300-400 ಜಿಎಸ್ಎಮ್ (ಒಂದು ಚದರ ಮೀಟರ್ ಅರಿವಿಗೆ ಇಷ್ಟು ಗ್ರಾಂ ತೂಕ) ಇದ್ರ ಸಾಕು. ಅದ ನೀರನ್ನ ಒಂದು ಲೀಟರಿನ ಸ್ಪ್ರೇ ಬಾಟಲಿಗೆ ತುಂಬಿ ಒಂದು ಪ್ಯಾನೆಲ್ ಪೂರ್ತಿ ತೋಯ್ಸಿ 1-2 ನಿಮಿಷ ಬಿಡ್ರಿ. ಈ ಹೆಜ್ಜಿ ತಪ್ಪಿಸಿದ್ರ ಉಳಿದಿದ್ದೆಲ್ಲಾ ವ್ಯರ್ಥ. ಆಮ್ಯಾಲೆ ಅರಿವಿ ಸ್ವಲ್ಪ ಹಿಂಡಿ ನಾಕು ಮಡಿಕಿ ಮಾಡಿ, ಒತ್ತಲಾರದ ಒಂದ ದಿಕ್ಕಿನಾಗ ಎಳೀರಿ. ಸುತ್ತು ಸುತ್ತು ತಿಕ್ಕಬ್ಯಾಡ್ರಿ. ಮಡಿಕಿ ಹೊಲಸಾತು ಅಂದ್ರ ಹೊಸ ಮಡಿಕಿ, ಎಂಟೂ ಮುಖ ಮುಗದ್ವು ಅಂದ್ರ ಅರಿವಿ ಬದಿಗಿಟ್ಟು ಬ್ಯಾರೆದು ತಗೋರಿ. ಬಳಸಿದ್ದು ಬಕೆಟ್ಟಿಗೆ ವಾಪಸ್ ಹೋಗಬಾರದು. ಪ್ಯಾನೆಲ್ ಒಣಗೂಕಿಂತ ಮೊದಲ ಒಣ ಅರಿವಿಲೆ ಒತ್ತಿ ತೆಗೀರಿ, ಬಿಳಿ ಚುಕ್ಕಿ ಅರ್ಧಕ್ಕರ್ಧ ಇದರಾಗ ತಪ್ತಾವ. ಕ್ರಮ: ಟಾಪ್, ಗ್ಲಾಸ್, ಬಾನೆಟ್, ಬಾಗಿಲದ ಮ್ಯಾಲಿನ ಅರ್ಧ, ಕಡೀಗೆ ಕೆಳಗಿನ ಅರ್ಧ ಮತ್ತ ಬಂಪರ್. ಚಕ್ರಕ್ಕ ಬ್ಯಾರೆ ಅರಿವಿ, ಅದನ್ನ ಎಂದೂ ಪೇಂಟಿಗೆ ಹಚ್ಚಬ್ಯಾಡ್ರಿ, ಬ್ರೇಕಿನ ಕಬ್ಬಿಣದ ಪುಡಿ ಅದರಾಗ ಉಳದಿರ್ತೈತಿ.

ಬಟ್ಟಿ ಪೌಡರ್ ಹಾಕಬ್ಯಾಡ್ರಿ. ಅದು ಕ್ಷಾರ, ವ್ಯಾಕ್ಸ್ ಎಬ್ಬಿಸಿ ತೆಗಿತೈತಿ, ರಬ್ಬರ್ ಬೀಡಿಂಗ್ ಬೆಳ್ಳಗಾಗ್ತೈತಿ, ನೊರಿ ಗಟಾರದಿಂದ ನೇರ ಉಣಕಲ್ ನಾಲಾಕ್ಕ.

ಬೆಟಗೇರಿ

ಅಂಟವಾಳ, ಆರ್‌ಓ ಎರಡಕ್ಕೂ ನಾ ಹೇಳ್ತೀನಿ.

ಅಂಟವಾಳಕಾಯಿ ಬೀಜ ತೆಗದು 10-12 ಸಿಪ್ಪಿ ಒಂದು ಲೀಟರ್ ನೀರಾಗ ರಾತ್ರಿ ನೆನಿ ಹಾಕಿ, 15 ನಿಮಿಷ ಕುದಿಸಿ, ಎರಡು ಸರ್ತಿ ಸೋಸ್ರಿ. ಚಕ್ರ, ಮ್ಯಾಟ್, ಡೋರಿನ ಒಳ ಅಂಚು, ಡಿಕ್ಕಿ ತಳಕ್ಕ ಚಲೋ ಕೆಲಸ ಮಾಡ್ತೈತಿ. ಕಪ್ಪು ಪೇಂಟಿಗೆ ಮಾತ್ರ ಬ್ಯಾಡ. ಕಂದು ಪದರ ಉಳಿತೈತಿ, ಹಂಗಾಗಿ ಮತ್ತ ಸ್ವಚ್ಛ ನೀರಾಗ ತೊಳೀಬೇಕು, ಉಳಿಸಿದ ನೀರು ಅಲ್ಲೇ ಹೋತು. ರಿನ್ಸ್‌ಲೆಸ್ ಕೊಡೂ ಜಾರಿಕಿನೂ ಅದರಾಗಿಲ್ಲ. ಎರಡು ಮೂರು ದಿವಸಕ್ಕ ಹುಳಿ ವಾಸನಿ ಬರ್ತೈತಿ, ಬೇಕಾದಷ್ಟ ಮಾಡ್ರಿ. ಇನ್ನೊಂದು ಮಾತು ಎಲ್ಲಾರೂ ಮರೀತಾರ: ಇದರ ನೊರಿ ಮೀನಿಗೆ ವಿಷ. ಗಿಡದ್ದು ಅಂತ ಕೆರಿ ದಂಡಿಗೆ ನಿಂತು ತೊಳಿಯೂದು ತಪ್ಪು. ಸೀಗಿಕಾಯಿ ಪುಡಿ ಅಂತೂ ಪೇಂಟಿಗೆ ಹಚ್ಚಲೇಬ್ಯಾಡ್ರಿ, ಸಣ್ಣ ಕಣ ಉಳದು ಗೀರು ಮಾಡ್ತೈತಿ.

ಆರ್‌ಓ ಹೊರಗ ಬಿಡೂ ನೀರಿನ್ಯಾಗ ಉಪ್ಪಿನಂಶ ಬೋರಿಗಿಂತ ಜಾಸ್ತಿ ಇರ್ತೈತಿ. ಟೈರು, ಮಡ್‌ಫ್ಲಾಪು, ರಬ್ಬರ್ ಮ್ಯಾಟಿಗೆ ಹಾಕ್ರಿ, ಗ್ಲಾಸಿಗೆ ಬ್ಯಾಡ. ಅದಕ್ಕಿಂತ ಚಲೋ ನೀರು ಮನ್ಯಾಗ ಇನ್ನೊಂದು ಐತಿ, ಎಸಿ ಪೈಪಿನಿಂದ ಹನಿ ಹನಿ ಬೀಳೂದು. ಗಾಳ್ಯಾಗಿನ ತೇವ ತಣ್ಣಗಾಗಿ ಬಂದಿದ್ದು, ಲವಣ ಇಲ್ಲಂದ್ರೂ ನಡಿತೈತಿ. ಬಟ್ಟಿ ಕಟ್ಟಿ ಸೋಸಿ ಕ್ಯಾನಿನಾಗ ಹಿಡದಿಟ್ಟು ಕಡೀ ಸ್ಪ್ರೇಗೆ ಬಳಸ್ರಿ. ಮಳಿ ನೀರೂ ಹಂಗ, ಆದ್ರ ಮೊದಲ ಮಳೀದು ಬಿಟ್ಟು ಹಿಡೀರಿ, ಮಾಳಗಿ ಮ್ಯಾಲಿನ ಧೂಳೆಲ್ಲಾ ಅದರಾಗ ಬರ್ತೈತಿ.

ನವಲಗುಂದ ದಾರಿ (ಹುಬ್ಬಳ್ಳಿ)

ಭಾಳ ಉಪಕಾರ ಆತು ರೀ. ಧೂಳಿಗೆ ಇದು ಸರಿ. ಆದ್ರ ಮಳಿಗಾಲದಾಗ ಹೊಲದ ದಾರ್ಯಾಗ ಹೋಗಿ ಬಂದ್ರ ಚಕ್ರದ ಗೂಡು ತುಂಬ ಎರಿ ಮಣ್ಣು ಗಟ್ಟಿ ಕುಂತಿರ್ತೈತಿ. ಆವಾಗ? ಈಗ ಆಗಿರೂ ಬಿಳಿ ಚುಕ್ಕಿ ತೆಗಿಯೂದು ಹೆಂಗ? ತಳಕ್ಕ ಡೀಸೆಲ್ ಹೊಡೀರಿ ಅಂತ ಒಬ್ಬರು ಹೇಳಿದ್ರು.

ಹಾವೇರಿ ಗ್ಯಾರೇಜ್

ಡೀಸೆಲ್ ಬೇಡ. ಸಸ್ಪೆನ್ಶನ್ನಿನ ರಬ್ಬರ್ ಬುಶ್ ಉಬ್ಬಿ ಮೆತ್ತಗಾಗುತ್ತದೆ, ಅಂಟಿನ ಮೇಲೆ ಧೂಳು ಇನ್ನಷ್ಟು ಕೂರುತ್ತದೆ, ನೆಲಕ್ಕೆ ಇಳಿದದ್ದು ಮಣ್ಣಿನಲ್ಲೇ ಉಳಿಯುತ್ತದೆ. ಸೀಮೆಎಣ್ಣೆ ಒರೆಸುವುದಕ್ಕೂ ಇದೇ ಮಾತು.

ಎರೆ ಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಇದನ್ನೇ ಉಪಯೋಗಿಸಿಕೊಳ್ಳಿ. ಚಕ್ರದ ಗೂಡಿನಲ್ಲಿ ದಪ್ಪಗೆ ಕೂತದ್ದು ಪೂರ್ತಿ ಒಣಗಲಿ, ಅರ್ಧ ಪಾಲು ಮರದ ಚಪ್ಪಟೆ ಕಡ್ಡಿಯಿಂದ ತಟ್ಟಿದರೆ ಹೆಂಟೆಯಾಗಿ ಉದುರುತ್ತದೆ. ಪ್ಲಾಸ್ಟಿಕ್ ಲೈನರ್ ಇದ್ದರೆ ಕಬ್ಬಿಣ ಬಳಸಬೇಡಿ. ಬಿದ್ದ ಮಣ್ಣನ್ನು ಗುಡಿಸಿ ತೆಗೆಯಿರಿ, ಗಟಾರಕ್ಕೆ ತಳ್ಳಿದರೆ ಅಲ್ಲಿ ಕಟ್ಟಿಕೊಳ್ಳುತ್ತದೆ. ಪೇಂಟಿನ ಮೇಲಿರುವುದಕ್ಕೆ ಇದರ ಉಲ್ಟಾ: ಒಣಗಿದ್ದನ್ನು ಉಗುರಿನಿಂದಲೂ ಕೆರೆಯಬಾರದು. ಹಳೆ ಟವೆಲ್ ನೆನೆಸಿ ಆ ಜಾಗದ ಮೇಲೆ 10 ನಿಮಿಷ ಹೊದಿಸಿ, ಆಮೇಲೆ ನೀರು ಹೊಡೆದು ಇಳಿಸಿ.

ಆ ನೀರಿಗೆ ಹೊಲಕ್ಕೆ ಔಷಧಿ ಹೊಡೆಯುವಂಥ 16 ಲೀಟರಿನ ಬ್ಯಾಟರಿ ಪಂಪ್ ಸಾಕು, ಅರ್ಧ ಟ್ಯಾಂಕಿನಲ್ಲಿ ನಾಲ್ಕೂ ಗೂಡು, ಬಾಗಿಲ ಕೆಳಭಾಗ ಎಲ್ಲ ಆಗುತ್ತದೆ. ಆದರೆ ಹೊಸದಾಗಿ ಇದಕ್ಕೇ ಅಂತ ಕೊಳ್ಳಿ. ಕಳೆನಾಶಕ, ಕೀಟನಾಶಕ ಹೊಡೆದ ಪಂಪನ್ನು ಎಷ್ಟು ತೊಳೆದರೂ ಮನೆ ಮುಂದೆ ಬಳಸಬೇಡಿ. ರಿನ್ಸ್‌ಲೆಸ್ ಅರಿವೆ ಹಿಡಿಯುವುದು ಈ ಮಣ್ಣು ಇಳಿದ ಮೇಲೆಯೇ, ಕೆಸರಿನ ಮೇಲೆ ನೇರ ಒರೆಸಿದರೆ ಯಾವ ಶಾಂಪೂ ಕಾಪಾಡುವುದಿಲ್ಲ.

ಬಾಗಿಲಿನ ಕೆಳ ಅಂಚಿನ ನೀರಿಳಿಯುವ ತೂತುಗಳನ್ನು ನೋಡಿ. ಎರೆ ಮಣ್ಣು ಅಲ್ಲಿ ಮುಚ್ಚಿಕೊಂಡರೆ ನೀರು ಒಳಗೇ ನಿಂತು ತುಕ್ಕು ಶುರುವಾಗುತ್ತದೆ. ಪ್ಲಾಸ್ಟಿಕ್ ಟ್ಯಾಗ್ ತೂರಿಸಿ ಬಿಡಿಸಬಹುದು. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಇದ್ದರೆ ಕೈಯಿಂದ ಆರಿಸಿ ತೆಗೆಯಿರಿ. ಚಕ್ರ ತೊಳೆದ ಮೇಲೆ ನಿಧಾನ ಓಡಿಸಿ, ಮೂರು ನಾಲ್ಕು ಸಲ ಬ್ರೇಕ್ ಒತ್ತಿ, ಡಿಸ್ಕ್ ಒಣಗುತ್ತದೆ.

ಕೆಎ-63 ಡಿಟೇಲಿಂಗ್

ಬಿಳಿ ಚುಕ್ಕಿ ಸವಳಿನ ಸುಣ್ಣ. ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು. ನೆರಳಾಗ, ಗಾಡಿ ಮುಟ್ಟಿದ್ರ ತಣ್ಣಗಿರಬೇಕು. ಅರಿವಿಗೆ ಹಚ್ಚಿ ಚುಕ್ಕಿ ಮ್ಯಾಲೆ 30-60 ಸೆಕೆಂಡ್ ಇಟ್ಟು ಒರಸಿ, ಕೂಡ್ಲೆ ರಿನ್ಸ್‌ಲೆಸ್ ನೀರಾಗ ಇನ್ನೊಮ್ಮೆ ಒರಸ್ರಿ. ಕ್ರೋಮ್, ಅಲಾಯ್, ಗೀರಿ ಹೋಗಿ ಕಬ್ಬಿಣ ಕಾಣೂ ಜಾಗಕ್ಕ ತಾಗಸಬ್ಯಾಡ್ರಿ. ಎರಡು ಸರ್ತಿ ಮಾಡಿದ್ರೂ ಹೋಗ್ಲಿಲ್ಲಂದ್ರ ಅದು ಕ್ಲಿಯರ್ ಕೋಟ್ (ಬಣ್ಣದ ಮ್ಯಾಲಿನ ಪಾರದರ್ಶಕ ಪದರ) ತಿಂದೈತಿ, ಪಾಲಿಶ್ ಬೇಕು, ವಿನೆಗರ್ ಮುಂದುವರಿಸಬ್ಯಾಡ್ರಿ. ಹಕ್ಕಿ ಹಿಕ್ಕಿಗೆ ಇದು ಬ್ಯಾಡ, ತೋಯ್ದ ಟಿಶ್ಯೂ 5 ನಿಮಿಷ ಇಟ್ಟು ಎತ್ತಿ ತೆಗೀರಿ, ಎಳೀಬ್ಯಾಡ್ರಿ.

ಅರಿವಿ ಬ್ಯಾರೆ ಒಗೀರಿ, ಹತ್ತಿ ಬಟ್ಟಿ ಜೋಡಿ ಹಾಕಿದ್ರ ಎಳಿ ಹಿಡಿತಾವ. ದ್ರವ ಸೋಪು ಸ್ವಲ್ಪ, 40 ಡಿಗ್ರಿ ಒಳಗ, ಕಂಫರ್ಟ್‌ದಂಥಾವು ಬ್ಯಾಡ, ನೂಲು ಮುಚ್ಚಿ ನೀರು ಹೀರೂದು ನಿಲ್ತೈತಿ. ನೆರಳಾಗ ಒಣಗಸ್ರಿ. ಕೆಳಗ ಬಿದ್ದ ಅರಿವಿ ಅವತ್ತು ಮತ್ತ ಪೇಂಟಿಗೆ ಬ್ಯಾಡ, ಚಕ್ರದ ಗುಂಪಿಗೆ ಹಾಕಿಬಿಡ್ರಿ.