ಭೋಪಾಲದ ಆ ಮಗುವಿನ ಚಿತ್ರವನ್ನು ಪ್ರದರ್ಶನದಲ್ಲಿ ಇಡಬಹುದೇ?

ಪ್ರಶ್ನೆ:
ನಮ್ಮ ಕಾಲೇಜಿನಲ್ಲಿ ದುರಂತಗಳ ಛಾಯಾಚಿತ್ರ ಪ್ರದರ್ಶನವೊಂದನ್ನು ಏರ್ಪಡಿಸುತ್ತಿದ್ದೇವೆ. 1984ರ ಡಿಸೆಂಬರ್‌ನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ವಿಷಾನಿಲ ಸೋರಿದಾಗ ರಘು ರಾಯ್ ಅವರು ಕಪ್ಪು ಬಿಳುಪಿನಲ್ಲೂ ಪಾಬ್ಲೊ ಬಾರ್ಥೊಲೊಮ್ಯೂ ಅವರು ವರ್ಣದಲ್ಲೂ ತೆಗೆದ, ಮಣ್ಣು ಮಾಡಲಾಗುತ್ತಿರುವ ಮಗುವಿನ ಚಿತ್ರಗಳು ಇರಲೇಬೇಕೆಂದು ಕೆಲವರು ಪಟ್ಟು ಹಿಡಿದಿದ್ದಾರೆ. ಪಾಳುಬಿದ್ದ ಕಾರ್ಖಾನೆಯ ಚಿತ್ರಗಳಷ್ಟೇ ಸಾಕು, ಅವು ಯಾರ ಘನತೆಗೂ ಕುಂದು ತರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ತಿಳಿದವರು ಏನು ಹೇಳುತ್ತೀರಿ?

ಮೊದಲ ಉತ್ತರ:
ನಿಮ್ಮ ಮಾತಿಗೆ ನನ್ನ ಸಹಮತವಿದೆ. ಆ ಮಗು ಯಾರದೆಂದು ಇಂದಿಗೂ ಗೊತ್ತಾಗಿಲ್ಲ. ಹೀಗಿರುವಾಗ ಒಪ್ಪಿಗೆಯನ್ನು ಯಾರಲ್ಲಿ ಕೇಳುವುದು? ಬಾರ್ಥೊಲೊಮ್ಯೂ ಅವರ ಚಿತ್ರಕ್ಕೆ ವರ್ಲ್ಡ್ ಪ್ರೆಸ್ ಫೋಟೊ ಸಂಸ್ಥೆಯ ವರ್ಷದ ಪ್ರಶಸ್ತಿಯೂ ಬಂತು, ಮಗು ಮಾತ್ರ ಅನಾಮಧೇಯವಾಗಿಯೇ ಉಳಿಯಿತು.

ಎರಡನೆಯ ಉತ್ತರ:
ಒಪ್ಪಿಗೆಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಪಾಳು ಕಟ್ಟಡದ ಚಿತ್ರ ನಿರುಪದ್ರವಿ ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. ತುಕ್ಕು ಹಿಡಿದ ಕೊಳವೆಗಳ ನಡುವೆ ಗಿಡಗಂಟಿ ಬೆಳೆದು, ಇಳಿಬಿಸಿಲು ಬಿದ್ದಿರುವ ಚಿತ್ರವನ್ನು ನೋಡಿದವರು, ಇದೆಲ್ಲ ಎಂದೋ ಮುಗಿದ ಕಥೆ ಎಂದುಕೊಂಡು ಮುಂದೆ ಸಾಗುತ್ತಾರೆ; ಅಲ್ಲಿ ಸುಮಾರು 337 ಟನ್ ವಿಷತ್ಯಾಜ್ಯ 2025ರ ಜನವರಿಯಲ್ಲಿ ಪೀಥಂಪುರಕ್ಕೆ ಸಾಗಿಸುವವರೆಗೂ ಬಿದ್ದಿತ್ತೆಂಬುದು ಆ ಚೆಲುವಿನಲ್ಲಿ ಕಾಣುವುದೇ ಇಲ್ಲ. (ಪಾಳು ಜಾಗಗಳ ಚಿತ್ರ ತೆಗೆಯುವವರಿಗೆ ತುಕ್ಕಿನ ಮೇಲೆ ಅದೇನು ಮೋಹವೋ!) ರಾಯ್ ಅವರ ಚಿತ್ರದಲ್ಲಾದರೋ ಸುತ್ತಲೂ ಮಣ್ಣು ಕಲ್ಲು, ತೆರೆದೇ ಉಳಿದ ಕಣ್ಣುಗಳು, ಮುಖದ ಮೇಲೊಂದು ಕೈ, ಇಷ್ಟೇ. ಅದನ್ನು ನೋಡಿ ಚೆನ್ನಾಗಿದೆ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅವರು ವರ್ಷಗಳ ನಂತರ ಮತ್ತೆ ಭೋಪಾಲಕ್ಕೆ ಹೋಗಿ, ಬದುಕುಳಿದವರ ಚಿತ್ರಗಳನ್ನೂ ತೆಗೆದರು. ನನ್ನ ದೃಷ್ಟಿಯಲ್ಲಿ ಛಾಯಾಗ್ರಾಹಕನ ನೈತಿಕತೆಯನ್ನು ಅಳೆಯಬೇಕಾದದ್ದು ಇಂಥ ಮರುಭೇಟಿಯಿಂದ.

ಮೂರನೆಯ ಉತ್ತರ:
ಇಡಿ, ಆದರೆ ಆಹ್ವಾನಪತ್ರಿಕೆಯಲ್ಲಾಗಲಿ ಪ್ರವೇಶದ್ವಾರದಲ್ಲಾಗಲಿ ಬೇಡ. ನೋಡಲು ಒಲ್ಲದವರು ಬಳಸಿ ಹೋಗುವಂತೆ ಒಳಗೋಡೆಯಲ್ಲಿರಲಿ. ಅಡಿಬರಹದಲ್ಲಿ ಕರುಣೆಯ ಮಾತುಗಳ ಬದಲು ಸೋರಿದ ಅನಿಲವಾದ ಮೀಥೈಲ್ ಐಸೊಸಯನೇಟ್, ಕಂಪನಿಯ ಹೆಸರು, 1989ರಲ್ಲಿ 47 ಕೋಟಿ ಡಾಲರ್‌ಗೆ ಆದ ಪರಿಹಾರದ ಒಪ್ಪಂದ, ಇವು ಸ್ಪಷ್ಟವಾಗಿ ಇರಲಿ. ಪಕ್ಕದಲ್ಲೇ ಕಾರ್ಖಾನೆಯ ಚಿತ್ರವನ್ನೂ ತೂಗುಹಾಕಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಭಿತ್ತಿಪತ್ರಕ್ಕೆ ಆ ಮಗುವಿನ ಚಿತ್ರವನ್ನೇ ಆರಿಸಿದ್ದರು, ಅದನ್ನು ಕೈಬಿಡುವಂತೆ ನಾಳೆಯ ಸಭೆಯಲ್ಲಿ ಕೇಳುತ್ತೇನೆ. ಒಳಗೋಡೆಯ ಸಲಹೆಗೆ ನನ್ನ ವಿರೋಧವಿಲ್ಲ. ಮುದ್ರಿಸುವ ಮೊದಲು ಛಾಯಾಗ್ರಾಹಕರ ಕಡೆಯಿಂದ ಅನುಮತಿ ಪಡೆಯುವ ಕೆಲಸವೊಂದು ಬಾಕಿಯಿದೆ.