ಯಾರ್ಕ್‌ನಲ್ಲಿ ಒಂದೇ ದಿನ: ಮಂಡಿ ನೋವಿರುವ ಅಮ್ಮ, ರೈಲು ಹುಚ್ಚಿನ ಅಪ್ಪ

ಪ್ರಶ್ನೆ (ತುಂಗಾತೀರ):
ಏಪ್ರಿಲ್‌ನಲ್ಲಿ ಅಪ್ಪ, ಅಮ್ಮ ಲಂಡನ್ನಿಗೆ ಬರ್ತಿದ್ದಾರೆ. ಒಂದು ದಿನ ಉತ್ತರ ಇಂಗ್ಲೆಂಡಿನ ಯಾರ್ಕ್ ಊರಿಗೆ ಕರ್ಕೊಂಡು ಹೋಗಬೇಕು ಅಂತಿದ್ದೀನಿ. ಇಬ್ಬರಿಗೂ 65 ದಾಟಿದೆ. ಅಮ್ಮನಿಗೆ ಮಂಡಿ ನೋವು. ಅಪ್ಪನಿಗೆ ರೈಲು ಅಂದ್ರೆ ಪ್ರಾಣ. ಇಬ್ಬರೂ ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನಲ್ಲ. ಮಿನ್‌ಸ್ಟರ್ (ಅಲ್ಲಿನ ದೊಡ್ಡ ಹಳೆಯ ಚರ್ಚ್), ಕೋಟೆಗೋಡೆ, ರೈಲು ಮ್ಯೂಸಿಯಂ ಮೂರೂ ಆಗುತ್ತಾ?

ಉತ್ತರ 1 (ಕಲ್ಲುಹಾದಿ):
ಆಗುತ್ತೆ, ಆದರೆ ಕ್ರಮ ತಪ್ಪಬಾರದು. ಮಿನ್‌ಸ್ಟರ್ ಮೊದಲು, ರೈಲು ಮ್ಯೂಸಿಯಂ ಕೊನೆಗೆ. ಮ್ಯೂಸಿಯಂ ಸ್ಟೇಷನ್ನಿನ ಹಿಂದೆಯೇ ಇದೆ, ನೋಡಿ ನೇರ ವಾಪಸ್ ರೈಲು ಹತ್ತಬಹುದು. ಸ್ಟೇಷನ್ನಿಂದ ಲೆಂಡಲ್ ಸೇತುವೆ ದಾಟಿ ಮಿನ್‌ಸ್ಟರ್‌ಗೆ ನಿಧಾನವಾಗಿ ನಡೆದರೂ ಕಾಲು ಗಂಟೆ, ಇಪ್ಪತ್ತು ನಿಮಿಷ.

ಮಿನ್‌ಸ್ಟರ್ ಬೆಳಗ್ಗೆಯೇ ಯಾಕೆ ಅಂದರೆ, ಅಲ್ಲಿನ ದೊಡ್ಡ ಬಣ್ಣದ ಗಾಜಿನ ಕಿಟಕಿ ಇರುವುದು ಪೂರ್ವಕ್ಕೆ. ಬೆಳಗಿನ ಬಿಸಿಲು ಹಿಂದಿನಿಂದ ಬಿದ್ದಾಗ ನೀಲಿ, ಕೆಂಪು ಎರಡೂ ಉರಿದಂತೆ ಕಾಣುತ್ತವೆ. ಜಾನ್ ಥಾರ್ನ್‌ಟನ್ 1405ರಿಂದ 1408ರೊಳಗೆ ಮಾಡಿದ ಕೆಲಸ ಅದು, 311 ಫಲಕಗಳು. ಸೃಷ್ಟಿಯ ಕಥೆಯಿಂದ ಹಿಡಿದು ಲೋಕಾಂತ್ಯದವರೆಗೆ ಬೈಬಲ್ಲಿನ ಚಿತ್ರಗಳಿವೆ. ತುತ್ತತುದಿಯಲ್ಲಿ ದೇವರು ತೆರೆದ ಪುಸ್ತಕ ಹಿಡಿದು ಕೂತಿದ್ದಾನೆ. ಬರಿಗಣ್ಣಿಗೆ ಅದು ಒಂದು ಚುಕ್ಕೆ ಅಷ್ಟೇ, ಹಾಗಾಗಿ ಬೈನಾಕ್ಯುಲರ್ ಮರೆಯಬೇಡಿ. ಎಷ್ಟೋ ಜನ ಎರಡು ಫೋಟೋ ತೆಗೆದು ಹೊರಟುಬಿಡುತ್ತಾರೆ. ಅರ್ಧ ಗಂಟೆಯಾದರೂ ಅದರ ಮುಂದೆ ಕೂರಿ. ನಡು ಗೋಪುರಕ್ಕೆ 275 ಮೆಟ್ಟಿಲು, ಅದೂ ಇಕ್ಕಟ್ಟಾದ ಸುರುಳಿ. ಅಮ್ಮನಿಗೆ ಬೇಡವೇ ಬೇಡ. ಭಾನುವಾರ ಹೋಗಬೇಡಿ, ಬೆಳಗ್ಗೆ ಪ್ರಾರ್ಥನೆ ಇರುವುದರಿಂದ ಪ್ರವಾಸಿಗರಿಗೆ ಬಾಗಿಲು ತೆಗೆಯುವುದು ಮಧ್ಯಾಹ್ನದ ಮೇಲೆ.

ಗೋಡೆ ಉಳಿದಿರುವುದು ಸುಮಾರು 3.4 ಕಿ.ಮೀ., ಟಿಕೆಟ್ ಇಲ್ಲ. ಪೂರ್ತಿ ಸುತ್ತುವುದು ಬೇಡ, ಬೂಥಮ್ ಬಾರ್ ಅನ್ನುವ ಕೋಟೆ ಬಾಗಿಲಿನಿಂದ ಮಾಂಕ್ ಬಾರ್ ಬಾಗಿಲವರೆಗಿನ ತುಂಡು ಸಾಕು, ಇಪ್ಪತ್ತು ನಿಮಿಷದ ನಡಿಗೆ. ಮಿನ್‌ಸ್ಟರ್ ಅತಿ ಚೆನ್ನಾಗಿ ಕಾಣುವುದು ಅಲ್ಲಿಂದಲೇ. ಹತ್ತಿ ಇಳಿಯಲು ಕಡಿದಾದ ಮೆಟ್ಟಿಲಿವೆ, ಒಳಬದಿಗೆ ಹಲವೆಡೆ ಕಂಬಿ ಇಲ್ಲ, ಮಳೆ ಬಂದರೆ ಕಲ್ಲು ಜಾರುತ್ತದೆ. ಅಪ್ಪ ಮೇಲೆ ನಡೆಯಲಿ, ಅಮ್ಮ ಮಿನ್‌ಸ್ಟರ್ ಪಕ್ಕದ ಡೀನ್ಸ್ ಪಾರ್ಕ್‌ನಲ್ಲಿ ಕೂರಲಿ, ಅಲ್ಲಿ ನೆಲ ಸಮತಟ್ಟು.

ಒಂದು ಗೊಂದಲ ಎಲ್ಲರಿಗೂ ಆಗುತ್ತೆ: ಈ ಊರಲ್ಲಿ ಕೋಟೆ ಬಾಗಿಲಿಗೆ ‘ಬಾರ್’ ಅಂತಾರೆ, ‘ಗೇಟ್’ ಅಂದರೆ ಬೀದಿ. ಈ ‘ಗೇಟ್’, ಹಿಂದೆ ಈ ಊರನ್ನು ಆಳಿದ ಉತ್ತರ ಯುರೋಪಿನ ಕಡಲಿಗರಾದ ವೈಕಿಂಗರ ಭಾಷೆಯಿಂದ ಬಂದ ಪದ. ಸ್ಟೋನ್‌ಗೇಟ್‌ನಲ್ಲಿ ಬಾಗಿಲು ಹುಡುಕಬೇಡಿ.

ಉತ್ತರ 2 (ಹಳಿಮೇಲೆ):
ರೈಲು ಕಿಂಗ್ಸ್ ಕ್ರಾಸ್‌ನಿಂದ, ವೇಗದ ರೈಲಿಗೆ ಎರಡು ಗಂಟೆ. ವಾರಗಟ್ಟಲೆ ಮೊದಲೇ ‘ಅಡ್ವಾನ್ಸ್’ ಟಿಕೆಟ್ ತಗೊಂಡರೆ ಅಗ್ಗ, ಆದರೆ ಅದು ಬುಕ್ ಮಾಡಿದ ರೈಲಿಗೆ ಮಾತ್ರ. ವಾಪಸ್ ರೈಲನ್ನು ಸ್ವಲ್ಪ ತಡವಾಗಿಯೇ ಇಟ್ಟುಕೊಳ್ಳಿ, ತಪ್ಪಿಸಿಕೊಂಡರೆ ಹೊಸ ಟಿಕೆಟ್ ದುಬಾರಿ. 60 ದಾಟಿದವರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ, ಮೂರನೇ ಒಂದು ಭಾಗ ಕಡಿತ. ಪ್ರವಾಸಿಗರೂ ಪಾಸ್‌ಪೋರ್ಟ್ ತೋರಿಸಿ ತಗೋಬಹುದು. ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು, ಪ್ರಯಾಣದಲ್ಲಿ ಕೈಯಲ್ಲಿರಬೇಕು.

ಮ್ಯೂಸಿಯಂಗೆ ಪ್ರವೇಶ ಉಚಿತ. ಅಪ್ಪನಿಗೆ ಮೊದಲು ‘ಮಲಾರ್ಡ್’ ತೋರಿಸಿ: 1938ರಲ್ಲಿ ಗಂಟೆಗೆ 126 ಮೈಲಿ, ಅಂದರೆ 203 ಕಿ.ಮೀ. ಓಡಿದ ನೀಲಿ ಉಗಿ ಎಂಜಿನ್. ಉಗಿ ಎಂಜಿನ್‌ಗಳಲ್ಲಿ ಆ ದಾಖಲೆ ಇನ್ನೂ ಮುರಿದಿಲ್ಲ. ಜಪಾನಿನ ಹಳೆಯ ಬುಲೆಟ್ ರೈಲೂ ಇದೆ. ಎರಡು ಗಂಟೆಗಿಂತ ಕಡಿಮೆ ಇಟ್ಟರೆ ಅಪ್ಪನಿಗೆ ಬೇಜಾರಾಗುತ್ತೆ.

ಉತ್ತರ 3 (ಹುಳಿಸಾರು):
ಊಟದ ವಿಷಯ ಎಚ್ಚರ. ಯಾರ್ಕ್‌ಶೈರ್ ಕಡೆ ಎಷ್ಟೋ ಅಂಗಡಿಗಳಲ್ಲಿ ಚಿಪ್ಸ್ (ನಾವು ಫ್ರೆಂಚ್ ಫ್ರೈಸ್ ಅನ್ನೋದು) ಕರಿಯುವುದು ದನದ ಕೊಬ್ಬಿನಲ್ಲಿ. ಬರೀ ಆಲೂಗಡ್ಡೆ ತಾನೆ ಅಂತ ತಗೋಬೇಡಿ, ಎಣ್ಣೆ ಯಾವುದು ಕೇಳಿ. ಯಾರ್ಕ್‌ಶೈರ್ ಪುಡ್ಡಿಂಗ್ ಸಿಹಿಯಲ್ಲ, ಹಿಟ್ಟಿಗೇ ಮೊಟ್ಟೆ ಹಾಕಿರುತ್ತಾರೆ. ‘ವೆಜಿಟೇರಿಯನ್’ ಅಂದರೆ ಅಲ್ಲಿ ಮೊಟ್ಟೆ ಸೇರಿಯೇ, ಅದಕ್ಕೆ ‘ವೀಗನ್’ (ಮೊಟ್ಟೆ, ಹಾಲು ಯಾವುದೂ ಇಲ್ಲದ್ದು) ಅಂತಲೇ ಕೇಳಿ. ಬೇಯಿಸಿದ ಇಡೀ ಆಲೂಗಡ್ಡೆ ಮೇಲೆ ಬೀನ್ಸ್ ಸುರಿದು ಕೊಡುವ ಜಾಕೆಟ್ ಪೊಟ್ಯಾಟೊ ಸಲೀಸು. ಚಪಾತಿ ಪಲ್ಯ ಕಟ್ಟಿಕೊಂಡರೆ ಇನ್ನೂ ವಾಸಿ, ರೈಲಲ್ಲಿ ಯಾರೂ ಬೇಡ ಅನ್ನಲ್ಲ.

ತುಂಗಾತೀರ:
ತುಂಬಾ ಉಪಕಾರ ಆಯ್ತು. ದಿಬ್ಬದ ಮೇಲಿನ ಹಳೆ ಕೋಟೆಗೋಪುರ ಕ್ಲಿಫರ್ಡ್ಸ್ ಟವರ್ ಸೇರಿಸಲಾ?

ಕಲ್ಲುಹಾದಿ:
ಮೇಲೆ ಹತ್ತುವುದು ಬೇಡ, 55 ಮೆಟ್ಟಿಲು. ಸಮಯ ಮಿಕ್ಕರೆ ಕೆಳಗಿನಿಂದ ನೋಡಿ, ಏಪ್ರಿಲ್ ಮೊದಲ ವಾರಗಳಲ್ಲಿ ದಿಬ್ಬದ ತುಂಬ ಹಳದಿ ಡ್ಯಾಫೊಡಿಲ್ ಇರುತ್ತವೆ. 1190ರ ಮಾರ್ಚ್‌ನಲ್ಲಿ ದೊಂಬಿಗೆ ಹೆದರಿ ಊರಿನ ಯಹೂದಿಗಳು ಇಲ್ಲಿದ್ದ ಮರದ ಗೋಪುರದೊಳಗೆ ಸೇರಿಕೊಂಡಿದ್ದರು. ಸುಮಾರು 150 ಜನ ಸತ್ತರು, ಹೆಚ್ಚಿನವರು ಗುಂಪಿನ ಕೈಗೆ ಸಿಗಬಾರದೆಂದು ತಾವಾಗಿಯೇ ಪ್ರಾಣ ಬಿಟ್ಟರು. ಅವರ ನೆನಪಿನ ಫಲಕ ದಿಬ್ಬದ ಬುಡದಲ್ಲೇ ಇದೆ, ಅಮ್ಮನೂ ನಿಂತು ಓದಬಹುದು.